ಎರಡನೆಯ ಚುಕ್ಕಿ

ಗೋಕಾಕದ ನಮ್ಮ ಮನೆಯಲ್ಲಿ ಎಲ್ಲರೂ ಅಕ್ಷರಕ್ಕೆ ಅಂಜುತ್ತಿದ್ದರು. ಪೇಟೆಯಿಂದ ಗುಡ್ಡದ ಕಡೆಗೆ ಏರುವ ಓಣಿಯಲ್ಲಿ ಇಕ್ಕಟ್ಟಾದ ಮನೆ ನಮ್ಮದು. ಮುಂದೆ ಪಡಸಾಲೆ, ಅದರ ಬೆನ್ನಿಗೆ ಹೊಗೆ ಹಿಡಿದ ಅಡುಗೆಮನೆ, ಎಲ್ಲಕ್ಕಿಂತ ಹಿಂದೆ ಅಬ್ಬಾನ ಬರೆಯುವ ಖೋಲಿ. ಊರಿಗೆ ನಮ್ಮ ಅಬ್ಬಾ ಪೇಂಟರ್ ಇಸ್ಮಾಯಿಲ್. ಹಗಲೆಲ್ಲ ಅಂಗಡಿಗಳ ಬೋರ್ಡು, ಸಾಲಿಯ ಗೋಡೆ, ಲಾರಿಗಳ ಬೆನ್ನು ಅಂತ ಕನ್ನಡ, ಮರಾಠಿ ಬರೆಯುತ್ತಿದ್ದ. ಮನೆಗೆ ಬಂದು ಕೈಕಾಲು ತೊಳೆದು ಹಿಂದಿನ ಖೋಲಿಗೆ ಹೋದನೆಂದರೆ ಅವನು ಬೇರೆಯೇ ಮನುಷ್ಯ. ಅಲ್ಲಿ ಅವನು ತನ್ನ ಅಪ್ಪನಿಂದ ಕಲಿತ ಅರಬಿ ಬರಹವನ್ನು ಬರೆಯುತ್ತಿದ್ದ. ಧುಪದಾಳದ ಒಡ್ಡಿನ ಕೆಳಗೆ ಬೆಳೆಯುವ ಜೊಂಡಿನ ಕಡ್ಡಿ ತಂದು, ಒಣಗಿಸಿ, ತುದಿಯನ್ನು ಓರೆಯಾಗಿ ಕೊಯ್ದು ಕಲಮ್ ಮಾಡಿಕೊಳ್ಳುತ್ತಿದ್ದ. ಸಂಕೇಶ್ವರ, ಹುಕ್ಕೇರಿ, ಆ ಕಡೆ ನಿಪ್ಪಾಣಿಯಿಂದಲೂ ಜನ ಬಂದು ಮನೆಯ ಗೋಡೆಗೆ ತೂಗುಹಾಕಲು ಪ್ರಾರ್ಥನೆಯ ದುವಾ ಬರೆಸಿಕೊಂಡು ಹೋಗುತ್ತಿದ್ದರು. ಹೊಸ ಮಸೀದಿ ಕಟ್ಟಿದರೆ ಕಮಾನಿನ ಮೇಲೆ ಬರೆಯಲು ಅವನನ್ನೇ ಕರೆಯುತ್ತಿದ್ದರು.

ಆ ಖೋಲಿಯ ಕಾನೂನುಗಳನ್ನು ಕಾಯುತ್ತಿದ್ದವಳು ಅಬ್ಬಾನ ತಾಯಿ, ನಮ್ಮ ದಾದಿ. ಕೈ ತೊಳೆಯದೆ ಯಾರೂ ಒಳಗೆ ಕಾಲಿಡಬಾರದು. ಅಕ್ಷರ ಬಿದ್ದ ಕಾಗದದ ಚೂರು ಕಸದಬುಟ್ಟಿಗೆ ಹೋಗಬಾರದು. ಗೂಟಕ್ಕೆ ಒಂದು ಬಟ್ಟೆಯ ಚೀಲ ತೂಗುಹಾಕಿದ್ದಳು, ಎಲ್ಲ ಚೂರುಗಳೂ ಅದರೊಳಗೆ. ಚೀಲ ತುಂಬಿದಾಗ ತಾನೇ ಘಟಪ್ರಭಾ ಹೊಳೆಗೆ ಒಯ್ದು ಹರಿಯುವ ನೀರಿನಲ್ಲಿ ಬಿಟ್ಟು ಬರುತ್ತಿದ್ದಳು. ದಾದಿಯ ಮನೆಮಾತು ಉರ್ದು. ಅಮ್ಮಿ ಮೂಡಲಗಿಯವಳು, ಒಕ್ಕಲಿಗರ, ಕುರುಬರ ಓಣಿಯಲ್ಲಿ ಆಡಿ ಬೆಳೆದವಳು, ಅವಳ ಬಾಯಲ್ಲಿ ಕನ್ನಡ ಬಿಟ್ಟು ಬೇರೆ ನಿಲ್ಲುತ್ತಿರಲಿಲ್ಲ. ಸೊಸೆಯ ಉರ್ದುವನ್ನು ತಿದ್ದಿ ತಿದ್ದಿ ಸಾಕಾಗಿ ದಾದಿಯೇ ಕನ್ನಡಕ್ಕೆ ಬಂದಿದ್ದಳು. ಹಾಗಾಗಿ ನನ್ನ ಮೊದಲ ಅಂಜಿಕೆಯನ್ನು ಅವಳು ಕನ್ನಡದಲ್ಲೇ ಹೇಳಿಕೊಟ್ಟಳು.

“ಚುಕ್ಕಿ ಮ್ಯಾಲಿದ್ರ ಖುದಾ, ಕೆಳಗಿದ್ರ ಜುದಾ. ನಿಮ್ಮಬ್ಬಾ ಬರಿಯೂಮುಂದ ಹೊಸ್ತಲ ದಾಟಬ್ಯಾಡ.”

ಉರ್ದುವಿನಲ್ಲಿ ಬರೆಯುವಾಗ ಆ ಎರಡು ಮಾತಿನದೂ ಒಂದೇ ಮೈ. ಚುಕ್ಕೆ ಮೇಲೆ ಬಿದ್ದರೆ ಅದು ದೇವರು. ಅದೇ ಚುಕ್ಕೆ ಕೆಳಗೆ ಜಾರಿದರೆ ಅಗಲಿಕೆ. ನನ್ನ ಕಾಲಿನ ಸಪ್ಪಳಕ್ಕೆ ಅಬ್ಬಾನ ಕೈ ಕದಲಿ, ಒಂದು ಹನಿ ಶಾಯಿ ತಪ್ಪಿ ಬಿದ್ದು, ಎಲ್ಲೋ ಯಾರಿಗೋ ಏನೋ ಆಗಿಬಿಡುತ್ತದೆ ಎಂದು ನಾನು ನಂಬಿದ್ದೆ. ಆ ಬಾಗಿಲ ಮುಂದೆ ಹಾಯುವಾಗ ಉಸಿರು ಹಿಡಿಯುತ್ತಿದ್ದೆ. ಅಮ್ಮಿ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಾಗ ಸೀನು ಬಂದರೆ ಮೂಗು ಒತ್ತಿ ಹಿಡಿದುಕೊಂಡು ಓಣಿಯ ತುದಿಗೆ ಓಡಿಹೋಗಿ ಸೀನಿ ಬರುತ್ತಿದ್ದೆ. ಓಣಿಯ ಹೆಂಗಸರು ನಗುತ್ತಿದ್ದರು. ನನಗೆ ಮಾತ್ರ ಅದು ನಗುವ ಮಾತಾಗಿರಲಿಲ್ಲ.

ಅಂಥ ಮನೆಯಲ್ಲಿ, ನಾನು ಹತ್ತನೆಯ ಇಯತ್ತೆ ಓದುತ್ತಿದ್ದ ವರ್ಷ, ಅಬ್ಬಾನ ಬಲಗೈ ನಡುಗತೊಡಗಿತು.

ಮೊದಲು ಕಂಡವರು ಈರಣ್ಣ ಕಾಕಾ. ನಮ್ಮ ಓಣಿಯ ಬಾಯಲ್ಲೇ ಅವರ ಕರದಂಟಿನ ಅಂಗಡಿ. ಅಂಗಡಿಗೆ ಬಣ್ಣ ಹೊಡೆಸಿ ಹೊಸ ಬೋರ್ಡು ಬರೆಯಲು ಅಬ್ಬಾನಿಗೆ ಹೇಳಿದ್ದರು. ನಾನು ಸಾಲಿಯಿಂದ ಬರುವಾಗ ಅಬ್ಬಾ ಏಣಿಯಿಂದ ಇಳಿದು ಬ್ರಶ್ ಒರೆಸುತ್ತಿದ್ದ. ಕಾಕಾ ಸೊಂಟದ ಮೇಲೆ ಕೈಯಿಟ್ಟು ತಲೆ ಎತ್ತಿ ನೋಡುತ್ತಿದ್ದರು. ಕರದಂಟು ಎನ್ನುವಲ್ಲಿ ದಕಾರದ ಮುಂದಿನ ಸೊನ್ನೆ ಒಂದು ಕಡೆ ವಾಲಿ ಉದ್ದವಾಗಿತ್ತು.

“ಇಸ್ಮಾಯಿಲ್‌ಸಾಬ್ರ, ನಿಮ್ಮ ಸೊನ್ನಿ ಕೋಳಿತತ್ತಿ ಆಗೇತಿ ನೋಡ್ರಿ.”

“ತತ್ತಿ ಇದ್ರ ಗಿರಾಕಿ ಹೆಚ್ಚ ಬರ್ತಾರ ಬಿಡ್ರಿ ಕಾಕಾ,” ಎಂದು ಅಬ್ಬಾ ನಕ್ಕ.

ಕಾಕಾ ಕೂಡ ನಕ್ಕು ಒಂದು ಕರದಂಟಿನ ತುಂಡು ನನ್ನ ಕೈಗಿಟ್ಟರು. ಆದರೆ ಅಬ್ಬಾ ಆ ಸೊನ್ನೆಯನ್ನು ತಿದ್ದಲು ಮತ್ತೆ ಏಣಿ ಹತ್ತಲಿಲ್ಲ. ಬೇರೆಯವರ ಬೋರ್ಡಿನಲ್ಲಿ ಅಕ್ಷರ ಸೊಟ್ಟಗಿದ್ದರೆ ದಾರಿಯಲ್ಲೇ ನಿಂತು ಚಡಪಡಿಸುವ ಮನುಷ್ಯ, ತನ್ನದನ್ನು ಬಿಟ್ಟು ಬಂದ. ಮನೆಗೆ ಬಂದು ನಾನು ಈ ಮಾತನ್ನು ಹೇಳಿದಾಗ ಅಮ್ಮಿ ನಗಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ಒಂದು ಗಳಿಗೆ ನಿಂತು, ಮತ್ತೆ ಮುಂಚಿಗಿಂತ ಜೋರಾಗಿ ಬಡಿಯತೊಡಗಿತು. ಅವಳಿಗೆ ಗೊತ್ತಿತ್ತು.

ಆಮೇಲೆ ಮನೆಯಲ್ಲಿ ಸಪ್ಪಳ ಮಾಡುವ ಪಾತ್ರೆಗಳೆಲ್ಲ ಒಂದೊಂದಾಗಿ ಕಣ್ಮರೆಯಾದವು. ಅಬ್ಬಾ ಚಹಾವನ್ನು ಬಶಿಗೆ ಸುರಿದುಕೊಂಡು ಕುಡಿಯುವವ. ಬಶಿ ಕಟಕಟ ಅನ್ನತೊಡಗಿದ ಮೇಲೆ ಅಮ್ಮಿ ಸ್ಟೀಲಿನ ಲೋಟ ಕೊಟ್ಟಳು, ಅದರಲ್ಲೂ ಅರ್ಧವೇ. ಆಮ್ರದ ಸಾರು ಮಾಡಿದ ದಿನ ಚಮಚ ಇಡದೆ ರೊಟ್ಟಿಯನ್ನು ಅದರಲ್ಲೇ ಮುರಿದು ಹಾಕಿಕೊಟ್ಟಳು. ಅಬ್ಬಾ ಊಟಕ್ಕೆ ಕೂತಾಗ ಬಲಗೈ ತೊಡೆಯ ಮೇಲಿಟ್ಟು ಎಡಗೈಯಿಂದ ಅದನ್ನು ಒತ್ತಿ ಹಿಡಿಯುತ್ತಿದ್ದ, ಜಿಗಿಯುವ ಮೊಲವನ್ನು ಹಿಡಿದ ಹಾಗೆ.  ದಾದಿ ಗುರುವಾರ ಸಂಜೆ ಲೋಬಾನದ ಹೊಗೆಯನ್ನು ಮನೆಗೆಲ್ಲ ಹಿಡಿದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಸುಟ್ಟರೂ ಘಾಟು ಏಳಲಿಲ್ಲ. ದೃಷ್ಟಿ ತಾಗಿದ್ದಕ್ಕೆ ಅದೇ ಗುರುತು ಎಂದು ಅವಳು ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದಳು. ಘಾಟು ಬರದ ಆ ಸಂಜೆಗೆ ಅಂಜಿದಷ್ಟು ನಾನು ಯಾವ ಸಂಜೆಗೂ ಅಂಜಿಲ್ಲ.

ಪರೀಕ್ಷೆ ಮುಗಿದ ಮೇಲೆ ನನ್ನನ್ನು ಮೂಡಲಗಿಗೆ ಕಳಿಸಿದರು. ಅಲ್ಲಿ ಅಮ್ಮಿಯ ತಮ್ಮ ಕಾಸಿಮ್ ಮಾಮು ಬಸ್‌ಸ್ಟ್ಯಾಂಡಿನ ಬಾಜೂ ಒಂದು ಡಿಟಿಪಿ ಸೆಂಟರ್ ಹಾಕಿದ್ದ. ಲಗ್ನದ ಕಾರ್ಡು, ಕುಸ್ತಿ ಪಂದ್ಯದ ಹ್ಯಾಂಡ್‌ಬಿಲ್ಲು, ಸತ್ತವರ ಫೋಟೋದ ಕೆಳಗೆ ಶ್ರದ್ಧಾಂಜಲಿ, ಎಲ್ಲ ಅಲ್ಲಿಯೇ ಆಗುತ್ತಿತ್ತು. ಮೌಸ್ ಹಿಡಿದು ಪರದೆಯ ಮೇಲೆ ಚುಕ್ಕೆ ಇಟ್ಟು, ಚುಕ್ಕೆಯಿಂದ ಗೆರೆಯನ್ನು ಎಳೆದು ಬಾಗಿಸುವುದನ್ನು ಮಾಮು ಕಲಿಸಿದ. ನನ್ನ ಕೈಗೆ ಅದು ಬೇಗ ಹತ್ತಿತು. ಒಂದು ದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅಬ್ಬಾ ಮಾಮುವಿಗೆ ಹಿಂದೆ ಬರೆದುಕೊಟ್ಟಿದ್ದ ಒಂದು ದುವಾವನ್ನು ಗೋಡೆಯಿಂದ ಇಳಿಸಿ, ಸ್ಕ್ಯಾನ್ ಮಾಡಿ, ಅದರ ಅಂಚಿನಗುಂಟ ಚುಕ್ಕೆ ಇಡುತ್ತ ಹೋದೆ. ಕಪ್ಪು ಅಕ್ಷರ ಪರದೆಯ ಮೇಲೆ ಎದ್ದು ನಿಂತಿತು. ಸರಿಯಾಗಿರಲಿಲ್ಲ, ಅಳಿಸಬೇಕಿತ್ತು. ಆಗ ಕೈ ನಿಂತುಬಿಟ್ಟಿತು. ಅಳಿಸಿದ್ದು ಹೋಗಿ ಬೀಳುವ ಜಾಗಕ್ಕೆ ಕಂಪ್ಯೂಟರಿನಲ್ಲಿ ಕಸದಬುಟ್ಟಿಯ ಚಿತ್ರವಿತ್ತು. ನಾನು ಅಳಿಸಲಿಲ್ಲ. ಬೇರೆ ಹೆಸರು ಕೊಟ್ಟು ಉಳಿಸಿ ಮತ್ತೊಂದನ್ನು ಶುರು ಮಾಡಿದೆ. ಹಾಗೆ ಕೆಟ್ಟದ್ದನ್ನೆಲ್ಲ ಉಳಿಸುತ್ತ ಹೋಗಿ ಮಾಮುವಿನ ಕಂಪ್ಯೂಟರ್ ತುಂಬಿ, ಲಗ್ನದ ಕಾರ್ಡು ತೆರೆಯಲಾಗದೆ ಅವನು ಬೈದ. ನಾನು ಕಾರಣ ಹೇಳಿದಾಗ ಮಾತ್ರ ಸುಮ್ಮನಾದ.

ಗೋಕಾಕಕ್ಕೆ ವಾಪಸಾದಾಗ ಮನೆಯ ಮುಂದೆ ಅಪರಿಚಿತ ಚಪ್ಪಲಿಗಳಿದ್ದವು. ಹುಕ್ಕೇರಿಯಿಂದ ಹಿರಿಯರು ಬಂದಿದ್ದರು. ಹಳೆಯ ಗುಮ್ಮಟಗಳ ಆ ಊರಿನಲ್ಲಿ ಒಂದು ಓಣಿಯವರು ಹೊಸ ಮಸೀದಿ ಕಟ್ಟುತ್ತಿದ್ದರು. ನಮಾಜಿನ ಗೋಡೆಯ ನಡುವಿನ ಕಮಾನಿನ ಮೇಲೆ ಬಿಸ್ಮಿಲ್ಲಾ ಬರೆಯಬೇಕು. ಅದು ಒಪ್ಪಿತವಾದರೆ ಉಳಿದ ಕಮಾನುಗಳೂ ಅಬ್ಬಾನವೇ. ಅವರಲ್ಲಿ ಹಿರಿಯರಾದ ಹಾಜಿಯವರು ಮಾತಾಡುತ್ತಿದ್ದರು. ಅಬ್ಬಾ ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತು ಹೂಂ ಅನ್ನುತ್ತಿದ್ದ. ಅವರು ಓಣಿ ಇಳಿದು ಹೋಗುವವರೆಗೆ ಅಮ್ಮಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

“ಹೇಳಬೇಕಿತ್ರಿ ಅವರಿಗೆ.”

“ಏನಂತ ಹೇಳ್ಲಿ?”

“ಕೈ ನಡಗಾಕತ್ತೈತಿ ಅಂತ.”

ಆ ಮಾತು ನಮ್ಮ ಮನೆಯಲ್ಲಿ ಬಾಯಿಂದ ಹೊರಬಂದದ್ದು ಅದೇ ಮೊದಲು. ದಾದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಬ್ಬಾ ಗೋಡೆಯ ಕಡೆ ನೋಡುತ್ತ ಹೇಳಿದ,

“ಕಲಮ್ ಹಿಡದ್ರ ತಾನ ನಿಲ್ತೈತಿ. ನೀ ಸುಮ್ನಿರು.”

“ಗೋಡಿ ಮ್ಯಾಲ ಹತ್ತೂದೈತಿ. ಬಿದ್ರ?”

ಅಬ್ಬಾ ಎದ್ದು ಹಿಂದಿನ ಖೋಲಿಗೆ ಹೊರಟ. ಕೊನೆಗೆ ಅಮ್ಮಿ ನನ್ನ ಕಡೆ ಕೈ ತೋರಿಸಿ ಒಂದೇ ಮಾತು ಹೇಳಿದಳು: “ಜೀನತ್ ನಿಮ್ಮ ಜೋಡಿ ಬರ್ತಾಳ.” ಬೇಡವೆನ್ನಲು ಅಬ್ಬಾನಿಗೂ ಧೈರ್ಯವಿರಲಿಲ್ಲ.

ಹುಕ್ಕೇರಿಯ ಆ ಮಸೀದಿ ಇನ್ನೂ ತೆರೆದಿರಲಿಲ್ಲ. ಒಳಗೆ ಸುಣ್ಣದ ಹಸಿ ವಾಸನೆ, ಫರಸಿಯ ಮೇಲೆ ಗೋಣಿಚೀಲ. ಬಿದಿರಿನ ಅಟ್ಟಣಿಗೆ ಕಟ್ಟಿದ್ದರು. ಊಟದ ಹೊತ್ತಿಗೆ ಗೌಂಡಿಗಳು ಹೊರಗೆ ಹೋದರು. ಆ ನಿಶ್ಶಬ್ದವನ್ನೇ ಕಾಯುತ್ತಿದ್ದ ಅಬ್ಬಾ ಮೇಲೆ ಹತ್ತಿದ. ನಾನು ಕೆಳಗೆ ಏಣಿಯನ್ನು ಎದೆಗೆ ಅಪ್ಪಿಕೊಂಡು ನಿಂತೆ. ಅವನು ಸೀಸದ ಗೆರೆ ಹಾಕಿಕೊಂಡ. ಬ್ರಶ್ಶನ್ನು ಕಪ್ಪು ಬಣ್ಣದಲ್ಲಿ ಅದ್ದಿದ. ಮೊದಲನೆಯ ಅಕ್ಷರ ಬೇ. ಅದರ ಮೈ ಚೆನ್ನಾಗಿ ಬಂತು, ಕೆಳಗಿನ ಚುಕ್ಕೆಯೂ ಬಂತು.  ಅಷ್ಟರಲ್ಲಿ ಬ್ರಶ್ಶನ್ನು ಹಿಂದಕ್ಕೆ ತೆಗೆಯುವಾಗ ಅವನ ಮಣಿಕಟ್ಟು ಒಮ್ಮೆ ಎಗರಿತು. ಮೊದಲ ಚುಕ್ಕೆಯ ಪಕ್ಕದಲ್ಲೇ ಇನ್ನೊಂದು ಚುಕ್ಕೆ ಬಿತ್ತು.

ಬೇ ಅಕ್ಷರದ ಕೆಳಗೆ ಒಂದೇ ಚುಕ್ಕೆ ಇರಬೇಕು. ಎರಡಿದ್ದರೆ ಅದು ಬೇ ಅಲ್ಲ, ಯೇ. ಗೋಡೆಯ ಮೇಲೆ ದೇವರ ಹೆಸರಿನ ಮಾತು ಶುರುವಾಗುವ ಜಾಗದಲ್ಲೇ ಬೇರೆ ಏನೋ ನಿಂತಿತ್ತು. ಹೆಗಲ ಮೇಲೆ ಬಟ್ಟೆಯಿತ್ತು, ಬಣ್ಣ ಇನ್ನೂ ಹಸಿ, ಒರೆಸಿದರೆ ಹೋಗುತ್ತಿತ್ತು. ಅಬ್ಬಾ ಒರೆಸಲಿಲ್ಲ. ಬ್ರಶ್ ಅವನ ಕೈಯಿಂದ ಜಾರಿ ನನ್ನ ಕಾಲ ಹತ್ತಿರ ಬಿತ್ತು. ಅವನು ಎರಡೂ ಕೈಯಿಂದ ಬಿದಿರನ್ನು ಹಿಡಿದಿದ್ದ. ಇಡೀ ಅಟ್ಟಣಿಗೆ ಸಣ್ಣಗೆ ನಡುಗುತ್ತಿತ್ತು. ಆ ನಡುಕ ಏಣಿಯಗುಂಟ ಇಳಿದು ನನ್ನ ಎದೆಗೆ ಬರುತ್ತಿತ್ತು.

“ಜೀನತ್, ನನಗ ಇಳಿಯಾಕ ಆಗವಲ್ತು.”

ನಾನು ಹೇಗೆ ಹತ್ತಿದೆನೋ ತಿಳಿಯದು. ಕೆಳಗೆ ನೋಡಲಿಲ್ಲ ಎಂಬುದಷ್ಟೇ ನೆನಪು. ಅವನ ಎಡಗಾಲಿನ ಹಿಮ್ಮಡಿಯನ್ನು ಹಿಡಿದು ಏಣಿಯ ಮೆಟ್ಟಿಲ ಮೇಲೆ ಇಡಿಸಿದೆ.

“ಇಲ್ಲಿಡು ಅಬ್ಬಾ. ಇನ್ನೊಂದೀಟ ಕೆಳಗ. ಹಾಂ. ಈಗ ಇನ್ನೊಂದ ಕಾಲ.”

ಹಾಗೆ ಒಂದೊಂದೇ ಮೆಟ್ಟಿಲು ಇಳಿಸಿ ಗೋಣಿಚೀಲದ ಮೇಲೆ ಕೂಡಿಸಿದೆ. ಮತ್ತೆ ಹತ್ತಿ ಹೋಗಿ, ಬಟ್ಟೆಯ ತುದಿಗೆ ಸೀಮೆಎಣ್ಣೆ ಹಚ್ಚಿಕೊಂಡು, ಅಬ್ಬಾ ಇಟ್ಟ ಚುಕ್ಕೆಗೆ ತಾಗದ ಹಾಗೆ ಆ ಎರಡನೆಯ ಚುಕ್ಕೆಯನ್ನಷ್ಟೇ ಒರೆಸಿದೆ. ಬಿಳಿ ಗೋಡೆಯ ಮೇಲೆ ಬೂದಿಬಣ್ಣದ ಕಲೆ ಉಳಿಯಿತು. ಇಳಿದು ಬಂದಾಗ ಅಬ್ಬಾ ತಲೆಯೆತ್ತಿ ನನ್ನನ್ನು ನೋಡಿದ. 

“ನನಗ ಅಂಜಿಕಿ ಬಂದೇತಿ,” ಅಂದ.

ಬೈಯುವ ಅಬ್ಬಾ ನನಗೆ ಗೊತ್ತಿದ್ದ, ಮಾತಿಲ್ಲದೆ ಕೂರುವ ಅಬ್ಬಾ ಗೊತ್ತಿದ್ದ. ಮನೆಯಲ್ಲಿ ಎಲ್ಲರೂ ಅಂಜುವಾಗ ಅಂಜದೆ ಇರುವವನು ಒಬ್ಬನಿದ್ದಾನೆ ಎಂದು ನಂಬಿಯೇ ನಾನು ಅಲ್ಲಿಯವರೆಗೆ ಮಲಗಿ ನಿದ್ದೆ ಮಾಡಿದ್ದೆ. ಅವನ ಕೈಯನ್ನು ತೆಗೆದು ನನ್ನ ಓಢಣಿಯೊಳಗೆ ಮುಚ್ಚಿಟ್ಟುಕೊಂಡೆ. ಹಾಜಿಯವರು ಬಂದಾಗ ಬಣ್ಣ ಸರಿಯಿಲ್ಲ, ಮುಂದಿನ ವಾರ ಬರುತ್ತೇವೆ ಎಂದು ಹೇಳಿ ಬಸ್ ಹಿಡಿದೆವು.

ಬಸ್ಸಿನಲ್ಲಿ ಘಟಪ್ರಭಾ ದಾಟುವ ಹೊತ್ತಿಗೆ ನಾನು ಮೂಡಲಗಿಯ ಮಾತು ತೆಗೆದೆ. ದೊಡ್ಡ ಗೋಡೆಗೆ ಬರೆಯುವ ಪೇಂಟರುಗಳು ಮೊದಲು ಕಾಗದದ ಮೇಲೆ ಖಾಕಾ ಮಾಡಿಕೊಳ್ಳುತ್ತಾರೆ. ಅಕ್ಷರದ ಅಂಚಿನಗುಂಟ ಸೂಜಿಯಿಂದ ತೂತು ಚುಚ್ಚಿ, ಗೋಡೆಗೆ ಹಚ್ಚಿ, ಇದ್ದಿಲಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕೆಚುಕ್ಕೆಯಾಗಿ ಅಕ್ಷರ ಮೂಡುತ್ತದೆ. ಅಬ್ಬಾ ಹಿಂದೆ ಬರೆದ ಬಿಸ್ಮಿಲ್ಲಾ ಮನೆಯಲ್ಲಿದೆ. ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಖಾಕಾ ತೆಗೆಯಬಹುದು, ಕೈ ಬೇಕಾಗಿಲ್ಲ ಎಂದೆ. ಕೈ ಬೇಕಾಗಿಲ್ಲ ಎಂದದ್ದಕ್ಕೆ ಅವನು ಮುಖ ಕಿಟಕಿಯ ಕಡೆ ತಿರುಗಿಸಿದ. 

ಮನೆಯಲ್ಲಿ ಜಗಳವಾಯಿತು. ಅಮ್ಮಿ ಆಗಲಿ ಅಂದಳು. ದಾದಿ ಆಗದು ಅಂದಳು. ಯಾರ್ಯಾರದೋ ಫೋಟೋ ಬರುವ ಡಬ್ಬಿಯಲ್ಲಿ ಆ ಹೆಸರು ಬರಬಾರದು ಎಂದು ಶುರುಮಾಡಿ, ಕೊನೆಗೆ ನನ್ನೊಳಗೆ ಕೂತಿದ್ದ ಪ್ರಶ್ನೆಯನ್ನೇ ಕೇಳಿದಳು.

“ಅದರಾಗ ಅಳಿಸಿದ್ರ ಅಕ್ಷರ ಎಲ್ಲಿ ಹೋಗ್ತಾವ?”

ಉತ್ತರ ಕೊಟ್ಟವನು ಅಬ್ಬಾ. “ನನಗ ಗೊತ್ತಿಲ್ಲವ್ವ. ಹೊಳ್ಯಾಗ ನೀ ಬಿಟ್ಟು ಬರ್ತಿಯಲ್ಲ, ಅವು ಎಲ್ಲಿ ಹೋದೂ ಅನ್ನೂದೂ ಗೊತ್ತಿಲ್ಲ.”

ಮರುದಿನ ನಾನೂ ಅಬ್ಬಾನೂ ಮೂಡಲಗಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದೆವು. ನಾನು ಅಂಚಿನಗುಂಟ ಚುಕ್ಕೆ ಇಟ್ಟು ಗೆರೆಗಳನ್ನೆಲ್ಲ ನುಣ್ಣಗೆ ಮಾಡಿ ಹೆಮ್ಮೆಯಿಂದ ತೋರಿಸಿದೆ. ಅವನು ನೋಡಿ, “ಸತ್ತ ಹಾವಿನಂಗ ಐತಿ,” ಅಂದ. ಅಲ್ಲಿಂದ ಪಾಠ ಶುರುವಾಯಿತು. ಕೈಯನ್ನು ತೊಡೆಯ ಕೆಳಗಿಟ್ಟು ಗದ್ದದಿಂದ ತೋರಿಸುತ್ತಿದ್ದ. ಇಲ್ಲಿ ಕಲಮ್ ಹೊರಳುತ್ತದೆ, ಗೆರೆ ತೆಳ್ಳಗಾಗಬೇಕು. ಇಲ್ಲಿ ಬರೆಯುವವನು ಉಸಿರು ಬಿಡುತ್ತಾನೆ, ಹೊಟ್ಟೆ ತುಂಬಬೇಕು. ಇಷ್ಟೊಂದು ಚುಕ್ಕೆ ಯಾಕೆ, ಅರ್ಧ ತೆಗಿ. ಮಧ್ಯಾಹ್ನ ಕರೆಂಟ್ ಹೋಗಿ ಅಲ್ಲಿಯವರೆಗಿನ ಕೆಲಸವೆಲ್ಲ ಮಾಯವಾಯಿತು. ಕಪ್ಪಾದ ಪರದೆಯಲ್ಲಿ ನಮ್ಮಿಬ್ಬರ ಮುಖಗಳು ಕಂಡವು; ಇಬ್ಬರೂ ಅಂಜಿದ್ದೆವು. ಕರೆಂಟ್ ಬಂದ ಮೇಲೆ ಮೊದಲಿಂದ ಮಾಡಿದೆವು. ಎರಡನೆಯ ಸಲ ಅವನು ಹೇಳುವ ಮೊದಲೇ ಎಲ್ಲಿ ಉಸಿರು ಬಿಡಬೇಕೆಂದು ನನಗೆ ತಿಳಿಯುತ್ತಿತ್ತು. ಬೆಳೆಯುತ್ತಿದ್ದ ಅಷ್ಟು ವರ್ಷ ಆ ಖೋಲಿಯ ಹೊಸ್ತಿಲಾಚೆ ನಿಂತಿದ್ದ ನನಗೆ ಅಬ್ಬಾ ಬರೆಯಲು ಕಲಿಸಿದ್ದು ಹೀಗೆ.

ಪುಟಪುಟವಾಗಿ ಪ್ರಿಂಟ್ ತೆಗೆದು, ಅಂಟಿಸಿ, ಪಡಸಾಲೆಯ ತುಂಬ ಹಾಸಿದೆವು. ನಾನೂ ಅಮ್ಮಿಯೂ ಸೂಜಿ ಹಿಡಿದು ಕೂತೆವು. ದಾದಿ ಅಡುಗೆಮನೆಯಿಂದ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಕೈ, ಮುಖ, ಕಾಲು ತೊಳೆದು ಬಂದು, ನನ್ನ ಮುಂದೆ ಕೈ ಚಾಚಿ ಸೂಜಿ ಕೇಳಿದಳು. ಕಣ್ಣು ಮಂಜಾದವಳು ಬೆರಳಿನಿಂದ ಅಂಚು ತಡವುತ್ತ ಚುಚ್ಚಿದಳು. ಬೇ ಅಕ್ಷರದ ಚುಕ್ಕೆಯನ್ನು ಅವಳೇ ಸುತ್ತಿದಳು, ಬೇರೆ ಯಾರಿಗೂ ಬಿಡಲಿಲ್ಲ.

ಹುಕ್ಕೇರಿಯಲ್ಲಿ ಅಟ್ಟಣಿಗೆ ಹತ್ತಿದವಳು ನಾನು. ಗೋಡೆಯ ಮೇಲಿದ್ದ ಅಬ್ಬಾನ ಬೇ ಅಕ್ಷರಕ್ಕೆ ಖಾಕಾ ಹೊಂದಿಸಿ, ಇದ್ದಿಲಪುಡಿ ತಟ್ಟಿ, ಮೂಡಿದ ಗೆರೆಗಳ ನಡುವೆ ಬಣ್ಣ ತುಂಬಿದೆ.  ಅಬ್ಬಾ ಕೆಳಗೆ ನಿಂತು ಆಗಾಗ “ಹೂಂ” ಅನ್ನುತ್ತಿದ್ದ. ಆ ಹೂಂ ನಿಂತರೆ ನಾನೂ ನಿಲ್ಲುತ್ತಿದ್ದೆ. ಕೊನೆಯ ಚುಕ್ಕೆ ಇಟ್ಟು ಇಳಿಯುವ ಹೊತ್ತಿಗೆ ಹಾಜಿಯವರು ಬಂದರು. ಮೇಲೆ ನೋಡಿದರು, ನನ್ನ ಬಣ್ಣ ಮೆತ್ತಿದ ಕೈ ನೋಡಿದರು.

“ಯಾರು ಬರದದ್ದು?”

ಸುಳ್ಳು ಹೇಳಿದ್ದರೆ ನಡೆಯುತ್ತಿತ್ತು. ಅಬ್ಬಾ ತೊಡೆಗೆ ಒತ್ತಿ ಹಿಡಿದಿದ್ದ ಕೈಯನ್ನು ಮುಂದಕ್ಕೆ ಚಾಚಿದ. ಅದು ಎಲ್ಲರ ಎದುರು ನಡುಗಿತು.

“ಅಕ್ಷರ ನಂದ್ರಿ. ಕೈ ನನ್ನ ಮಗಳದು. ನಡುವ ಒಂದು ಮಶೀನ್ ಐತಿ. ಬ್ಯಾಡಂದ್ರ ಈಗ ಅಳಸ್ತೀವಿ, ಇನ್ನಾ ಹಸಿ ಐತಿ.”

ಹಾಜಿಯವರು ಚಷ್ಮಾ ಹಾಕಿಕೊಂಡು, ಬೆರಳನ್ನು ಗಾಳಿಯಲ್ಲಿ ಆಡಿಸುತ್ತ, ಚುಕ್ಕೆ ಚುಕ್ಕೆ ಬಿಡದೆ ಓದಿದರು.  ಓದಿ ಮುಗಿಸಿ ಇನ್ನೊಮ್ಮೆ ಮೊದಲಿಂದ ಓದಿದರು. ಆಮೇಲೆ ಅಬ್ಬಾನ ನಡುಗುವ ಕೈಯನ್ನು ತಮ್ಮ ಎರಡು ಕೈಯೊಳಗೆ ತೆಗೆದುಕೊಂಡರು.

“ಚೊಕ್ಕ ಓದಾಕ ಬರ್ತೈತಿ. ಇರ್ಲಿ. ದವಾಖಾನಿಗೆ ತೋರಿಸ್ರಿ ಮೊದಲ.”

ಅದು ಉಳಿಯಿತು, ಈಗಲೂ ಇದೆ. ಉಳಿದ ಕಮಾನುಗಳನ್ನು ಮಿರಜಿನಿಂದ ಯಾರನ್ನೋ ಕರೆಸಿ ಬರೆಸಿದರು. ಅಬ್ಬಾನಿಗೆ ಅದರ ನೋವು ಇತ್ತು. ಬೆಳಗಾವಿಯ ಡಾಕ್ಟರು ಕಂಪವಾತ ಎಂದು ಹೆಸರು ಹೇಳಿ, ಜೀವಮಾನವಿಡೀ ನುಂಗಬೇಕಾದ ಗುಳಿಗೆ ಬರೆದುಕೊಟ್ಟರು. ಅಬ್ಬಾ ಬೋರ್ಡು ಬರೆಯುವುದನ್ನು ಬಿಟ್ಟು, ಈರಣ್ಣ ಕಾಕಾ ಒತ್ತಾಯ ಮಾಡಿ ಕರೆದದ್ದಕ್ಕೆ ಅವರ ಅಂಗಡಿಯಲ್ಲಿ ಕೂತ. ಹಿಂದಿನ ಖೋಲಿಯ ಬಾಗಿಲು ವರ್ಷಗಟ್ಟಲೆ ಮುಚ್ಚಿತ್ತು.

ನಾನು ಮದುವೆಯಾಗಿ ಸಂಕೇಶ್ವರಕ್ಕೆ ಬಂದೆ. ಮಾಮುವಿನ ಕಂಪ್ಯೂಟರಿನಲ್ಲಿ ಶುರುವಾದದ್ದೇ ನನ್ನ ಕಸುಬಾಯಿತು. ಈಗ ಟ್ಯಾಬ್ಲೆಟ್ಟಿನ ಮೇಲೆ ಅಕ್ಷರಗಳನ್ನು ಬರೆದು, ಒಂದರ ಮೇಲೊಂದು ಹರಿಸಿ, ಬೆಳಕಿನಲ್ಲಿ ಚಲಿಸುವ ಚಿತ್ರ ಮಾಡುತ್ತೇನೆ. ಜನ ಡಿಜಿಟಲ್ ಕಲೆ ಅನ್ನುತ್ತಾರೆ. ಒಂದು ರಮಜಾನಿನಲ್ಲಿ ಅಬ್ಬಾ, ಅಮ್ಮಿ ನಮ್ಮಲ್ಲಿಗೆ ಬಂದಿದ್ದಾಗ ಅಬ್ಬಾ ನನ್ನ ಬೆನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿ, “ನಾ ಒಂದ ಬರೀಲೇನು?” ಎಂದು ಕೇಳಿದ. ಪೆನ್ನು ಕೊಟ್ಟೆ. ಅವನು ಅಲಿಫ್ ಬರೆದ. ಅಲಿಫ್ ಅಂದರೆ ಮೇಲಿಂದ ಕೆಳಗೆ ಒಂದು ನೇರ ಗೆರೆ, ಅಷ್ಟೇ. ಕೈಯ ನಡುಕವನ್ನು ಯಂತ್ರವೇ ತಿದ್ದಿ ನೆಟ್ಟಗೆ ಮಾಡುವ ಏರ್ಪಾಡು ಅದರಲ್ಲಿದೆ; ನಾನು ಅದನ್ನು ಹಾಕಿಟ್ಟಿದ್ದೆ. ಗೆರೆ ಕೋಲಿನ ಹಾಗೆ ಬಂತು. ಅವನಿಗೆ ತಕ್ಷಣ ತಿಳಿಯಿತು.

“ಇದು ನಂದಲ್ಲ. ಅದನ್ನ ಬಂದ್ ಮಾಡು.”

ಬಂದ್ ಮಾಡಿದೆ. ಅವನು ಮತ್ತೆ ಬರೆದ. ಗೆರೆ ಮೇಲಿಂದ ಕೆಳಗಿನವರೆಗೆ ನಡುಗುತ್ತ ಇಳಿಯಿತು. ಬರೆಯುವಾಗ ಕೈ ಓಡಿದ್ದು ಹಾಗೆಯೇ ಟ್ಯಾಬ್ಲೆಟ್ಟಿನಲ್ಲಿ ಉಳಿಯುತ್ತದೆ, ಮತ್ತೆ ಮತ್ತೆ ಓಡಿಸಿ ನೋಡಬಹುದು. ಕೊಲ್ಹಾಪುರದಲ್ಲಿ ನನ್ನ ಮೊದಲ ಪ್ರದರ್ಶನಕ್ಕೆ ನಾನು ಅದನ್ನೇ ಇಟ್ಟೆ. ಕತ್ತಲೆ ಮಾಡಿದ ಹಾಲಿನ ಗೋಡೆಯ ಮೇಲೆ, ಆಳೆತ್ತರಕ್ಕಿಂತ ಎತ್ತರವಾಗಿ, ಬೆಳಕಿನ ಒಂದು ಅಲಿಫ್ ನಡುಗುತ್ತ ಇಳಿಯುವುದು. ಇಡುವ ಮೊದಲು ಅಂಜಿದ್ದೆ. ಅಕ್ಷರವನ್ನು ಕೆಡಿಸಿದಳು ಎಂದು ಯಾರಾದರೂ ಅಂದಾರು. ಅಪ್ಪನ ಕಾಯಿಲೆಯನ್ನು ಗೋಡೆಗೆ ಹಚ್ಚಿದಳು ಎಂದಾರು. ಎಲ್ಲಕ್ಕಿಂತ, ಅಬ್ಬಾ ಏನೆನ್ನುವನೋ.

ಅಮ್ಮಿ ಅವನನ್ನು ರಟ್ಟೆ ಹಿಡಿದು ಕರೆತಂದಳು. ಅವನು ಗೋಡೆಯ ಎದುರು ನಿಂತ. ಅಕ್ಷರ ಇಳಿದು ಮುಗಿಯಿತು, ಮಾಸಿತು, ಮತ್ತೆ ಮೇಲಿಂದ ಶುರುವಾಯಿತು. ಅಮ್ಮಿ ಕುರ್ಚಿ ಎಳೆದು ತಂದಳು.

“ಕೂಡ್ರಿ ಇನ್ನ, ಕಾಲ ನಡಗಾಕತ್ತಾವ ನಿಮ್ಮು.”

ಅಬ್ಬಾ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ಕೂಡಲೂ ಇಲ್ಲ.

“ಅದೂ ನಡಗಾಕತ್ತೈತಿ,” ಅಂದ. “ಆದ್ರ ನಿಂತೈತಿ ನೋಡು.”